ನೀರು ಕುಡಿದ ಕಲ್ಲು

ಮೊದಲ ಸಲ ಕೆಂಡ ಹರವಿದ್ದು ಬರೀ ಫರ್ಸಿ ಮ್ಯಾಲ.
ಶಹಾಬಾದದಾಗ ಕಲ್ಲಿಗೇನು ಬರ,
ನಾಯಿ ಮಲಗೂ ಜಾಗಾನೂ ಪಾಲಿಶ್ ಆಗಿರ್ತದ.
ಹತ್ತು ನಿಮಿಷ ಸುಮ್ಮನಿತ್ತು.
ಆಮ್ಯಾಲ ಢಂ ಅಂತು.
ಕೆಂಡ ಹಾರಿ ತಂತಿ ಮ್ಯಾಲಿನ ಲುಂಗಿಗೆ ತೂತು,
ಗೂಡಿನಾಗ ಕೋಳಿಗಳ ಗದ್ದಲ,
ಹಿತ್ತಲ ನಡುವ ತಾಟಿನಷ್ಟು ತಗ್ಗು.

ಅತ್ತಿ ಓಡಿ ಬರಲಿಲ್ಲ.
ಬಾಗಿಲದಾಗ ನಿಂತು ತಂಬಾಕ ತಿಕ್ಕುತ್ತ ಅಂದಳು:
'ಅದು ನೀರ ಕುಡದ ಕಲ್ಲ, ಅಳಿಯಪ್ಪ.
ಬೆಂಕಿ ಕಂಡ್ರ ಕಾರ್ಕೋತದ.
ಒಲಿಗೆ ಕರಿಕಲ್ಲ ಬೇಕು.'

ಟಾಕಿ ಹಿಂದಿನಿಂದ ನಾಕು ಉಳ್ಳಿಸಿಕೊಂಡು ಬಂದಳು.
ಗೆಣ್ಣಿನಿಂದ ಬಡಿದು, ಕಿವಿಗೊಟ್ಟು,
ಮೂರು ಇಟ್ಟಳು, ಒಂದನ್ನ ಕಾಲಿಂದ ದೂರ ಸರಿಸಿದಳು.
ಯಾಕ ಅಂತ ಹೇಳಲಿಲ್ಲ.
ಇಪ್ಪತ್ತಾರು ವರ್ಷ ಖಣಿಯಾಗ
ಕಲ್ಲಿನ ಮಾತು ಕೇಳಿದಾಕಿ ಯಂಕವ್ವ.

ಮ್ಯಾಲ ಖಿಡಕಿ ಜಾಳಿಗಿ,
ಕೆಡವಿದ ಸಿಮೆಂಟ ಕ್ವಾರ್ಟರ್ಸಿನದು, ಕಿಲೋ ಲೆಕ್ಕದಾಗ ತಂದದ್ದು.
ಅದರಾಗಿಂದ ಯಾರೋ ಮಳಿ ನೋಡಿರಬೇಕು,
ಪಗಾರದ ದಿನ ಗಂಡನ ದಾರಿ ನೋಡಿರಬೇಕು.
ಈಗ ಕೆಂಡ ನೋಡ್ತದ.

ಹೊತ್ತಿಸಲಾಕ ತೊಗರಿ ಕಟಗಿ, ಉರಿಯಲಾಕ ಜಾಲಿ ಇದ್ದಲಿ.
ಮೆಹತಾಬಣ್ಣ ಕಡಿಯದೆ ಇಡಿಯಾಗಿ ಕೊಟ್ಟ ಕುರಿ ಪಕ್ಕಡಿ
ರಾತ್ರಿಯೆಲ್ಲ ಹಸಿ ಪಪ್ಪಾಯಿ, ಮೊಸರು, ಖಾರದಾಗ ನೆನೆದಿತ್ತು.
ಕೋಳಿಗೆ ಮಾತ್ರ ಅತ್ತಿ ಅಗಸಿ ಹಿಂಡಿ ಸವರಿದ್ದಳು,
ನಾ ಬ್ಯಾಡಂದರೂ.

'ಬೂದಿ ಕೂಡ್ಲಿ ತಡಿ.'
ತಡೆದೆ.
'ಈಗ ಕೆಂಡ ಎಲ್ಲ ಒಂದ ಕಡಿ ದೂಡು.
ಕೋಳಿ ಅವಸರದ್ದು, ಅದನ್ನ ಅಲ್ಲಿಡು.
ಪಕ್ಕಡಿ ಇತ್ತಾಗ,
ಕೆಂಡದ ನೆರಳಿನಾಗ.'

ನೆಣ ತಟಕ್ ಅಂತ ಕೆಂಡಕ್ಕ ಬಿದ್ದು
ಚುರ್ ಅಂದಾಗೆಲ್ಲ ನಾಯಿ ಕಿವಿ ಎತ್ತುತ್ತಿತ್ತು.
ವಾಡಿ ಕಡಿ ಒಂದು ಗೂಡ್ಸ್ ಹೋಯಿತು,
ಡಬ್ಬಿ ಎಣಿಸುತ್ತ ಕುಂತೆ, ನಲವತ್ತಕ್ಕ ತಪ್ಪಿತು.
ಅತ್ತಿ ಎಣಿಸುತ್ತಿದ್ದದ್ದು ಬ್ಯಾರೆ.
ಚಿಮಟಾದ ತುದಿಯಿಂದ ಮುಟ್ಟಿ ಮುಟ್ಟಿ ಅಂದಳು:
'ಇದು, ಇದು, ಮತ್ತ ಇದು.
ನನ್ನವೂ ಇವೇ ಮೂರು.'

ನನಗ ತಿಳೀಲಿಲ್ಲ.

'ಚಪ್ಪಡಿ ಜಾರ್ತು. ನಿನ್ನ ಹೆಂಡತಿ ಹೊಟ್ಟ್ಯಾಗ ಐದು ತಿಂಗಳಾಕಿ.
ಸೀದಾ ಹೊಟ್ಟಿಗೇ ಬರ್ತಿತ್ತು.
ಹೊಳ್ಳಿ ಪಕ್ಕಡಿ ಕೊಟ್ಟೆ.'

ಟಿಕೀಟಿಗೆ ಚಿಲ್ಲರ ಕೊಟ್ಟೆ ಅಂದಂಗ ಅಂದಳು.
ಮುಕಾದಮ ಎರಡ ದಿನದ ಪಗಾರ ಹಿಡಿದನಂತ,
ಅದನ್ನ ಹೇಳುವಾಗ ಮಾತ್ರ ದನಿ ಏರಿತು.

'ಎಲುವ ಕೂಡಿದ್ವೇನು?'
'ಎಲುವ ಕೂಡ್ತಾವ.
ಥಂಡಿ ಬಿತ್ತಂದ್ರ ಮಾತಾಡ್ತಾವ.'

ಅಷ್ಟರಾಗ ಕೋಳಿ ತೊಡಿ ಒಂದು ಮಗ್ಗಲು ಕರ್ರಗ.
ಜಗದೇವಿ ಉಳ್ಳಾಗಡ್ಡಿ ತಾಟು ಹಿಡಿದು ಬಂದು
'ಇಬ್ಬರು ಕುಂತು ಒಂದು ಕೋಳಿ ಕಾಯಲಿಕ್ಕಾಗಲಿಲ್ಲ'
ಅಂತ ಜೋರಾಗಿ ನಕ್ಕಳು.
ಆಕಿಗೆ ಗೊತ್ತದೋ ಇಲ್ಲೋ, ನಾ ಕೇಳಲಿಲ್ಲ.
ಆಕಿಯವ್ವನ ಎಡ ಮಗ್ಗಲಿನ ಸೆರಗು
ಏರಿ ಇಳಿಯೂದ ನೋಡಿದೆ.

ಪಕ್ಕಡಿ ಆಗಲಿಕ್ಕೆ ರಾತ್ರಿ ಹತ್ತಾಯಿತು.
ಕರೆಂಟು ಹೋಗಿತ್ತು, ಕೆಂಡದ ಬೆಳಕಿನಾಗ ರೊಟ್ಟಿ ಮುರದೆವು.
ನಾನು ಜಗ್ಗಲಾಕ ಹತ್ತಿದೆ.
'ಜಗ್ಗಬ್ಯಾಡ. ಬೆಂದಿದ್ರ ತಾನ ಬಿಡ್ತದ.'
ಬಿಟ್ಟಿತು.
ಅತ್ತಿ ಆ ಮೂರನ್ನೇ ಮೊದಲು ತಗೊಂಡಳು,
ಚೀಪಿ, ನೆಕ್ಕಿ, ಬೆಳ್ಳಗ ಮಾಡಿ
ತಾಟಿನ ಅಂಚಿಗೆ ಸಾಲಾಗಿ ಇಟ್ಟಳು.
ಸುಟ್ಟ ಕೋಳಿ ನನ್ನ ಪಾಲಿಗೆ. ಅಗಸಿ ಹಿಂಡಿ, ಖರೇ ಹೇಳಬೇಕಂದ್ರ,
ಸರಿಯಾಗೇ ಕೂತಿತ್ತು.

ಮುಂಜಾನೆ ಬೂದಿ ಬಳಿಯುತ್ತ
ಒಡೆದ ಫರ್ಸಿ ಬದಲಿಸ್ತೀನಿ ಅಂದೆ.
'ಇರ್ಲಿ ಬಿಡು' ಅಂದಳು,
ಚರಿಗಿಯಾಗಿನ ಉಳಿದ ನೀರು ಆ ತಗ್ಗಿಗೆ ಸುರುವಿ ಒಳಗ ಹೋದಳು.
ಗೂಡು ಬಿಟ್ಟ ಕೋಳಿ ಬಂದವು,
ಬಗ್ಗಿ ಕುಡಿದು, ತಲಿ ಎತ್ತಿ ನುಂಗಿ,
ಮತ್ತ ಬಗ್ಗಿದವು.